ಪ್ರಯೋಗಪಶುಗಳು ಯಾರು?

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕು ಬಂದು ಹೋದರೆ ಆ ಬಗೆಯಿಂದ ಬಹುಕಾಲ ರಕ್ಷಣೆ ಸಿಗುತ್ತದೆ, ಉಳಿದ ಮೂರರಿಂದ ಇಲ್ಲ. ಮೊದಲ ಸೋಂಕಿನಲ್ಲಿ ಹುಟ್ಟಿದ ಪ್ರತಿಕಾಯಗಳೇ ಎರಡನೆಯ ಸಲ ಬೇರೆ ಬಗೆಯ ವೈರಸ್‌ಗೆ ಜೀವಕೋಶದೊಳಗೆ ದಾರಿ ಮಾಡಿಕೊಟ್ಟು ಕಾಯಿಲೆಯನ್ನು ಉಲ್ಬಣಗೊಳಿಸುವುದೂ ಉಂಟು. ನಾಲ್ಕರ ವಿರುದ್ಧವೂ ಗಟ್ಟಿಯಾಗಿ ನಿಲ್ಲದ ಲಸಿಕೆ, ಎಂದೂ ಡೆಂಗಿ ಬಾರದವರ ಮೈಯಲ್ಲಿ ಆ ಮೊದಲ ಸೋಂಕಿನ ಕೆಲಸವನ್ನೇ ಮಾಡಿಬಿಡಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪನೇಸಿಯಾ ಬಯೋಟೆಕ್ ಸೇರಿ 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಲ್ಲಿ ಶುರುಮಾಡಿದ ‘ಡೆಂಗಿಆಲ್’ ಲಸಿಕೆಯ ಮೂರನೇ ಹಂತದ ಪರೀಕ್ಷೆಯನ್ನು ಈ ಅಪಾಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಬೇಕು. 19 ಕೇಂದ್ರಗಳು, 10,335 ಆರೋಗ್ಯವಂತ ವಯಸ್ಕರು, ಒಂದೇ ಡೋಸ್, ಎರಡು ವರ್ಷ ನಿಗಾ. ಲಸಿಕೆ ಪರೀಕ್ಷೆ ಎಂದೊಡನೆ ‘ನಮ್ಮ ಜನ ಗಿನಿಪಿಗ್‌ಗಳೇ?’ ಎಂದು ಕೂಗುವವರು ಫಿಲಿಪ್ಪೀನ್ಸ್‌ನಲ್ಲಿ ಏನಾಯಿತೆಂದು ಓದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ.

ಅಲ್ಲಿ 2016ರ ಏಪ್ರಿಲ್‌ನಲ್ಲಿ ಸನೋಫಿ ಕಂಪನಿಯ ಡೆಂಗ್‌ವ್ಯಾಕ್ಸಿಯಾ ಶಾಲೆಗಳಿಗೆ ಬಂತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ತೋಳು ಚಾಚಿದರು. ಐದು ವರ್ಷದೊಳಗಿನ ಮಕ್ಕಳಲ್ಲಿ ಲಸಿಕೆ ಪಡೆದವರೇ ಹೆಚ್ಚಾಗಿ ಆಸ್ಪತ್ರೆ ಸೇರಿದ್ದನ್ನು ಆ ಲಸಿಕೆಯ ಪರೀಕ್ಷೆಗಳ ಮೂರನೇ ವರ್ಷದ ಅಂಕಿಅಂಶಗಳು 2015ರಲ್ಲೇ ತೋರಿಸಿದ್ದವು. ಅದಕ್ಕೆ ಮಾಡಿದ್ದಿಷ್ಟೇ: ಒಂಬತ್ತು ವರ್ಷ ದಾಟಿದವರಿಗೆ ಮಾತ್ರ ಕೊಡಿ ಎಂದರು. ದೋಷ ವಯಸ್ಸಿನಲ್ಲಿರಲಿಲ್ಲ. ಮಗುವಿಗೆ ಮೊದಲೇ ಡೆಂಗಿ ಬಂದಿತ್ತೋ ಇಲ್ಲವೋ ಎಂಬುದೇ ನಿರ್ಣಾಯಕವಾಗಿತ್ತು. ಅದನ್ನು ತಿಳಿಯಲು ಲಸಿಕೆಗೆ ಮುಂಚೆ ಒಂದು ಟ್ಯೂಬ್ ರಕ್ತ ಸಾಕಿತ್ತು. ಆ ದೊಡ್ಡ ಪರೀಕ್ಷೆಗಳಲ್ಲಿ ಅದನ್ನು ತೆಗೆದದ್ದು ಒಂದು ಸಣ್ಣ ಪಾಲಿನವರಿಂದ ಮಾತ್ರ. 2017ರ ನವೆಂಬರ್‌ನಲ್ಲಿ ಕಂಪನಿಯೇ ನಿಜ ಒಪ್ಪಿಕೊಂಡಾಗ ಆ ಮಕ್ಕಳೆಲ್ಲ ಮನೆಯಲ್ಲಿದ್ದರು, ಯಾರಿಗೆ ಅಪಾಯ ಎಂದು ಯಾವ ತಾಯಿಗೂ ಹೇಳಲಾಗುತ್ತಿರಲಿಲ್ಲ. ಲಸಿಕೆಗಳು ಮುಖ್ಯವೆಂದು ದೃಢವಾಗಿ ನಂಬುವವರ ಪ್ರಮಾಣ ಆ ದೇಶದಲ್ಲಿ 2015ರ ಶೇ 93ರಿಂದ 2018ರಲ್ಲಿ ಶೇ 32ಕ್ಕೆ ಕುಸಿಯಿತು. 2019ರಲ್ಲಿ ದಡಾರ ಎದ್ದಿತು.

ಪ್ರಯೋಗಪಶುಗಳಾದದ್ದು ಆ ಶಾಲಾಮಕ್ಕಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಜ್ವರ ಬಂದಾಗ ವಿಚಾರಿಸುವ ವೈದ್ಯರು ಬೆನ್ನಿಗಿರುವ ವಯಸ್ಕರಲ್ಲ. ಲಸಿಕೆ ಚುಚ್ಚುವುದು ಆರೋಗ್ಯವಾಗಿರುವವರಿಗೇ. ಅದನ್ನು ಆರೋಗ್ಯವಂತರಲ್ಲಿ, ಅವರಲ್ಲೂ ಮಕ್ಕಳಿಗಿಂತ ಮೊದಲು ವಯಸ್ಕರಲ್ಲಿ ಪರೀಕ್ಷಿಸದೆ ಇನ್ನೆಲ್ಲಿ ಪರೀಕ್ಷಿಸಬೇಕು?

‘ಬ್ರೆಜಿಲ್‌ನಲ್ಲಿ ಆಗಿದೆಯಲ್ಲ, ಇಲ್ಲೇಕೆ ಮತ್ತೆ?’ ಎನ್ನುವ ಅವಸರದವರದು ಇನ್ನೊಂದು ಗುಂಪು. ಡೆಂಗಿಆಲ್ ಬಂದ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅದೇ ಮೂಲದಿಂದ ಬುಟಾಂಟನ್ ಸಂಸ್ಥೆ ತಯಾರಿಸಿದ ಲಸಿಕೆ ಅಲ್ಲಿ 16,235 ಜನರಲ್ಲಿ ಎರಡು ವರ್ಷ ಶೇ 79.6ರಷ್ಟು ರಕ್ಷಣೆ ಕೊಟ್ಟಿದೆ, ನಿಜ. ಆದರೆ ಆ ಎರಡು ವರ್ಷಗಳಲ್ಲಿ ಪರೀಕ್ಷೆಯಲ್ಲಿದ್ದವರಲ್ಲಿ ಕಂಡದ್ದು ಮೊದಲ ಎರಡು ಬಗೆಗಳು ಮಾತ್ರ. ಮೂರನೆಯದೂ ನಾಲ್ಕನೆಯದೂ ಕಾಣಲೇ ಇಲ್ಲ. ಭಾರತದಲ್ಲಿ ನಾಲ್ಕೂ ಓಡಾಡುತ್ತಿವೆ.

ಕರ್ನಾಟಕಕ್ಕೆ ಈ ಪಾಠ ಹೊರಗಿನಿಂದ ಬರಬೇಕಿಲ್ಲ. ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ, ಡೆಂಗಿಯಂತೆ ಸೊಳ್ಳೆಯಿಂದಲ್ಲ. ಲಸಿಕೆಯ ಕಥೆ ಮಾತ್ರ ಇಲ್ಲೂ ಪ್ರಸ್ತುತ. ಮಲೆನಾಡಿನ ಜನ ವರ್ಷಾನುಗಟ್ಟಲೆ ಆ ಲಸಿಕೆ ಚುಚ್ಚಿಸಿಕೊಂಡರು, ಬೂಸ್ಟರ್ ಮೇಲೆ ಬೂಸ್ಟರ್ ಹಾಕಿಸಿಕೊಂಡರು, ಕೆಲವರಿಗೆ ಆದರೂ ಕಾಯಿಲೆ ಬಂತು. 2022ರಲ್ಲಿ ಲಸಿಕೆಯೇ ನಿಂತುಹೋಯಿತು. ಕಾಡಂಚಿನ ಕೂಲಿಯವರ ಜೀವಕ್ಕೆ ಬೆಲೆಯಿದ್ದಿದ್ದರೆ ಅದರ ಶಕ್ತಿಯನ್ನು ಇನ್ನೂ ಬಿಗಿಯಾಗಿ ಒರೆಗೆ ಹಚ್ಚುತ್ತಿದ್ದರು.

ಜನರ ಅನುಮಾನಕ್ಕೆ ಕಾರಣವಿಲ್ಲವೆಂದಲ್ಲ. ಖಮ್ಮಂ ಜಿಲ್ಲೆಯ ಎಚ್‌ಪಿವಿ ಲಸಿಕೆ ಅಧ್ಯಯನದಲ್ಲಿ ಬುಡಕಟ್ಟು ಹೆಣ್ಣುಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ದೇಶದ ನಾಚಿಕೆಗೇಡು. ಆದರೆ ಪರೀಕ್ಷೆಯನ್ನೇ ನಿಲ್ಲಿಸಿದರೆ ಅಂಥ ವಾರ್ಡನ್‌ಗಳ ಸಹಿಯೂ ಬೇಕಾಗದೆ ಲಸಿಕೆ ನೇರ ಶಾಲೆಗೇ ಬರುತ್ತದೆ. ಕೇಳಬೇಕಾದದ್ದು ಬೇರೆ: ಒಪ್ಪಿಗೆ ಪತ್ರ ಓದುವವರ ಭಾಷೆಯಲ್ಲಿರಲಿ, 2019ರ ಔಷಧ ಪರೀಕ್ಷಾ ನಿಯಮಗಳ ಪ್ರಕಾರ ಹಾನಿಗೆ ಚಿಕಿತ್ಸೆಯೂ ಪರಿಹಾರವೂ ತಡವಿಲ್ಲದೆ ಸಿಗಲಿ. ಮೊದಲೇ ಡೆಂಗಿ ಬಂದವರು, ಬಾರದವರು ಎಂದು ವಿಂಗಡಿಸಿ, ನಾಲ್ಕೂ ಬಗೆಗಳಿಗೆ ಬೇರೆ ಬೇರೆಯಾಗಿ ಫಲಿತಾಂಶ ಪ್ರಕಟವಾಗಲಿ. ಆ ಫಲಿತಾಂಶ ಕೈಗೆ ಬರುವವರೆಗೆ ಯಾವ ಸರ್ಕಾರವೂ ಈ ಲಸಿಕೆಯನ್ನು ಶಾಲೆಯ ಬಾಗಿಲಿಗೆ ಒಯ್ಯಬಾರದು.