ಜೆಟ್ಟಿಯ ಮುಷ್ಟಿ, ಪೈಲ್ವಾನನ ಹಿಡಿತ

ಹಳೆಯ ಮೈಸೂರು ಸೀಮೆಯಲ್ಲಿ ಮಲ್ಲವಿದ್ಯೆಯ ಎರಡು ಪದ್ಧತಿಗಳು ಉಳಿದುಬಂದಿವೆ. ಒಂದು ಜೆಟ್ಟಿ ಮನೆತನಗಳ ವಜ್ರಮುಷ್ಟಿ ಕಾಳಗ, ಇನ್ನೊಂದು ಗರಡಿ ಮನೆಗಳ ನಾಡಕುಸ್ತಿ. ಎರಡಕ್ಕೂ ಮೈಸೂರು ದಸರೆಯೇ ದೊಡ್ಡ ವೇದಿಕೆ. ಬರಿ ಮೈಯ ಇಬ್ಬರು ಎದುರುಬದುರು ನಿಲ್ಲುವುದು ಎರಡರಲ್ಲೂ ಒಂದೇ. ಅದಕ್ಕಿಂತ ಆಚೆಗೆ ಅವುಗಳಿಗೆ ಹೋಲಿಕೆ ಕಡಿಮೆ. ನಿಲ್ಲುವ ಭಂಗಿ, ಕೈಯ ಕೆಲಸ, ಮೈ ಬೆಳೆಸುವ ಕ್ರಮ, ಸೆಣಸಾಟದ ಅವಧಿ ಎಲ್ಲವೂ ಬೇರೆ. ಈ ಅಂತರಕ್ಕೆ ಕುಲವನ್ನೋ ಊರನ್ನೋ ಕಾರಣವಾಗಿ ತೋರಿಸುವವರು ಹೆಚ್ಚು. ಆದರೆ ಅದರ ಬೇರು ಇರುವುದು ಕಾಳಗ ಎಲ್ಲಿಗೆ ನಿಲ್ಲಬೇಕೆಂಬ ಕಟ್ಟಳೆಯಲ್ಲಿ.

ವಜ್ರಮುಷ್ಟಿ ಕಾಳಗ ನಡೆಯುವುದು ವಿಜಯದಶಮಿಯ ದಿನ, ಮೈಸೂರು ಅರಮನೆಯ ಅಂಗಳದಲ್ಲಿ. ಮೈಸೂರು, ಬೆಂಗಳೂರು, ಚಾಮರಾಜನಗರ ಮತ್ತು ಚನ್ನಪಟ್ಟಣದ ಜೆಟ್ಟಿಗಳು ಅದರಲ್ಲಿ ಸೆಣಸುತ್ತಾರೆ.   ಜೆಟ್ಟಿಗಳು ತಲೆ ಬೋಳಿಸಿಕೊಂಡು, ಬಲಗೈ ಬೆರಳುಗಳಿಗೆ ಮೊನೆಗಳುಳ್ಳ ವಜ್ರನಖ ತೊಟ್ಟು ಕಣಕ್ಕಿಳಿಯುತ್ತಾರೆ. ಅದು ದಂತದಿಂದಲೋ ಕೊಂಬಿನಿಂದಲೋ ಮಾಡಿದ ಸಣ್ಣ ಆಯುಧ. ಇಬ್ಬರಲ್ಲಿ ಒಬ್ಬರ ತಲೆಯಿಂದ ರಕ್ತ ಹನಿದ ಕೂಡಲೇ ಹಿರಿಯರು ನಡುವೆ ನುಗ್ಗಿ ಬಿಡಿಸುತ್ತಾರೆ. ಬಹುಪಾಲು ಕಾಳಗಗಳು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತವೆ. ಆ ಬಳಿಕವೇ ರಾಜವಂಶಸ್ಥರ ವಿಜಯಯಾತ್ರೆ ಹೊರಡುವುದು ಸಂಪ್ರದಾಯ.

ಒಂದು ಹನಿ ರಕ್ತಕ್ಕೆ ನಿಲ್ಲುವ ಈ ಕಟ್ಟಳೆಯೇ ಜೆಟ್ಟಿಯ ಇಡೀ ವರಸೆಯನ್ನು ರೂಪಿಸಿದೆ. ಗುರಿ ತಲೆ, ಆದ್ದರಿಂದ ಎಡಗೈಯ ಮೊದಲ ಕೆಲಸ ತಲೆ ಕಾಯುವುದು, ಸಮಯ ಸಿಕ್ಕರೆ ಎದುರಾಳಿಯ ಬಲಗೈಯನ್ನು ಹಿಡಿದಿಡುವುದು. ಭಾರೀ ಹೊಡೆತ ಬೇಕಿಲ್ಲ, ಮೊನೆ ತಾಗಿದರೆ ಸಾಕು. ದೀರ್ಘ ದಮ್ಮಿಗಿಂತ ಕಣ್ಣಿನ ಚುರುಕು, ಅಂತರ ಅಳೆಯುವ ಶಕ್ತಿ, ಎದುರಾಳಿಗಿಂತ ಅರೆಗಳಿಗೆ ಮುಂಚೆ ಕೈ ಎತ್ತುವ ಧೈರ್ಯ ಇಲ್ಲಿ ಬೆಲೆಬಾಳುತ್ತವೆ.

ನಾಡಕುಸ್ತಿಯ ಕಟ್ಟಳೆ ಇದಕ್ಕೆ ತೀರಾ ವಿರುದ್ಧ. ಹೊಡೆಯುವಂತಿಲ್ಲ, ಎದುರಾಳಿಯನ್ನು ಚಿತ್ ಮಾಡಬೇಕು, ಅಂದರೆ ಅವನ ಬೆನ್ನನ್ನು ಕುಸ್ತಿಯ ಕಣವಾದ ಮಟ್ಟಿಯ ಮಣ್ಣಿಗೆ ತಾಗಿಸಬೇಕು. ಮಾರ್ಫಿಟ್ ಕುಸ್ತಿಯಲ್ಲಿ ಅದು ಆಗುವವರೆಗೂ ಜೋಡಿ ಬಿಡಿಸುವುದಿಲ್ಲ. ಬಿದ್ದವನು ಹೊಟ್ಟೆ ಅಡಿಯಾಗಿ ಮಲಗಿ ತಡೆದರೆ ಮೇಲಿದ್ದವನು ಅವನನ್ನು ತಿರುಗಿಸಲು ಗಂಟೆಗಟ್ಟಲೆ ಹೆಣಗಬೇಕಾಗಬಹುದು. ಹಾಗಾಗಿ ಪೈಲ್ವಾನನ ಮೈಯೇ ಬೇರೆ: ದಪ್ಪ ಕತ್ತು, ಅಗಲ ಬೆನ್ನು, ನೆಲಕ್ಕೆ ಕಚ್ಚಿಕೊಳ್ಳುವ ತೊಡೆ. ದಂಡೆ, ಬಸ್ಕಿ, ಗದೆ ತಿರುಗಿಸುವುದು, ಮಟ್ಟಿಯ ಮಣ್ಣು ಅಗೆಯುವುದು, ಹಾಲು, ತುಪ್ಪ, ಬಾದಾಮಿ ಎಲ್ಲವೂ ಆ ದೀರ್ಘ ಹೆಣಗಾಟಕ್ಕೆ ಮಾಡುವ ಸಿದ್ಧತೆ. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣು ಬೀಳುವವನಿಗೆ ಮೆತ್ತೆಯಾಗುತ್ತದೆ, ಬೆವರಿದ ಮೈಯ ಮೇಲೆ ಹಿಡಿತವನ್ನೂ ಕೊಡುತ್ತದೆ. ಧೋಬಿ ಪಛಾಡ್‌ನಂಥ ಎತ್ತಿ ಒಗೆಯುವ ಪಟ್ಟು ಬೆಳೆದುಬಂದದ್ದು ಇಂಥ ನೆಲದ ಮೇಲೆಯೇ. ಅರಮನೆ ಅಂಗಳದಲ್ಲಿ ವಜ್ರನಖ ತೊಟ್ಟವನ ಎದುರು ಅದೇ ಪಟ್ಟಿಗೆ ಬೆನ್ನು ತಿರುಗಿಸಿದವನು ತನ್ನ ತಲೆಯನ್ನೇ ಒಪ್ಪಿಸಿದಂತೆ.

ಎರಡು ಪದ್ಧತಿಗಳೂ ಹಳೆಯವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ, ಮಲ್ಲರ ವರ್ಗೀಕರಣ, ಆಹಾರ, ಅಭ್ಯಾಸಗಳನ್ನು ದೊರೆಯೇ ಅಲ್ಲಿ ವಿವರಿಸುತ್ತಾನೆ. ವಿಜಯನಗರದ ಮಹಾನವಮಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಲ್ಲು ಮುರಿದು ಮುಖ ವಿಕಾರವಾಗುವಷ್ಟು ಹೊಡೆದಾಡುವ ಮಲ್ಲರ ಬಗ್ಗೆ ಬರೆದಿದ್ದಾನೆ. 1535ರ ಸುಮಾರಿನ ಫೆರ್ನಾವೊ ನುನೆಸ್ ಇನ್ನೂ ಸ್ಪಷ್ಟವಾಗಿ ಹೇಳುತ್ತಾನೆ: ಅವರ ಕೈಯಲ್ಲಿ ಮೊನೆಗಳುಳ್ಳ ಬಳೆಯಂಥ ಆಯುಧಗಳಿದ್ದವು, ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ವಸ್ತ್ರದ ಉಡುಗೊರೆ ಸಿಗುತ್ತಿತ್ತು. ಗೆದ್ದವನನ್ನಲ್ಲ, ಹೆಚ್ಚು ನೊಂದವನನ್ನು ಗೌರವಿಸುವ ಈ ಪದ್ಧತಿ ಗಮನಿಸಬೇಕಾದದ್ದು. ಅಲ್ಲಿ ರಕ್ತ ಸೋಲಿನ ಗುರುತಿಗಿಂತ ಹಬ್ಬಕ್ಕೆ ಸಲ್ಲಿಸಿದ ಕಾಣಿಕೆಯೇ ಆಗಿತ್ತೆಂದು ಕಾಣುತ್ತದೆ. ದಸರೆಯ ವಜ್ರಮುಷ್ಟಿಯ ತಿರುಳೂ ಇದೇ.

ಜೆಟ್ಟಿಗಳಿಗೆ ಗುಜರಾತಿನಲ್ಲೂ ಬಂಧುಗಳಿದ್ದಾರೆ. ಅಲ್ಲಿನ ಜ್ಯೇಷ್ಠಿಮಲ್ಲರು ಮೊಢೇರಾವನ್ನು ತಮ್ಮ ಮೂಲವೆಂದು ನಂಬುತ್ತಾರೆ, ನಿಂಬಜಾ ದೇವಿಯನ್ನು ಪೂಜಿಸುತ್ತಾರೆ. ‘ಮಲ್ಲಪುರಾಣ’ ಅವರ ಗ್ರಂಥ. 1860ರ ದಶಕದಲ್ಲಿ ಬರೋಡದ ಗಾಯಕವಾಡರ ದರ್ಬಾರಿನಲ್ಲಿ ನಡೆಯುತ್ತಿದ್ದ ನಖಗಳ ಕುಸ್ತಿಯನ್ನು ಫ್ರೆಂಚ್ ಪ್ರವಾಸಿ ಲೂಯಿ ರೂಸ್ಲೆ ಕಂಡು ವರ್ಣಿಸಿದ್ದಾನೆ. ಆಯುಧ ಬಹುತೇಕ ಅದೇ ಬಗೆಯದು. ಆದರೆ ಅಲ್ಲಿ ಮೊದಲ ಹನಿಗೆ ಬಿಡಿಸುವ ಹಿರಿಯರಿರಲಿಲ್ಲ. ಮೈತುಂಬ ಸೀಳುಗಾಯಗಳಾಗುತ್ತಿದ್ದವು, ಸಾವೂ ಸಂಭವಿಸುತ್ತಿತ್ತು. ವಿದ್ಯೆಯ ಬಗೆ ಒಂದೇ ಆಗಿದ್ದರೂ ನಿಲುಗಡೆ ಬದಲಾದಾಗ ಅದು ಇನ್ನೊಂದೇ ಆಗಿಬಿಡುತ್ತದೆ ಎಂಬುದಕ್ಕೆ ಬರೋಡಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಪದ್ಧತಿಗಳ ಹೋಲಿಕೆಯ ಚರ್ಚೆ ಚೀನಾದಲ್ಲಿ ನಡೆದಷ್ಟು ಬಿರುಸಾಗಿ ಬೇರೆಲ್ಲೂ ನಡೆದಿರಲಾರದು. ದಕ್ಷಿಣದವರದು ಮುಷ್ಟಿ, ಉತ್ತರದವರದು ಕಾಲು ಎಂಬುದು ಅಲ್ಲಿ ಬಳಕೆಯ ಮಾತು. ಉತ್ತರದ ಬಯಲಿನವರು ನೆಗೆದು ಒದೆಯುತ್ತಾರೆ, ದಕ್ಷಿಣದ ದೋಣಿ ಮತ್ತು ಇಕ್ಕಟ್ಟಿನ ಓಣಿಗಳವರು ಕಾಲೂರಿ ಗುದ್ದುತ್ತಾರೆ ಎಂಬ ವಿವರಣೆಯೂ ಇದೆ. ಗುವಾಂಗ್‌ಡಾಂಗ್ ಕಡೆಯ ವಿಂಗ್ ಚುನ್ ನೋಡಿದರೆ ಇದು ನಿಜವೆನಿಸುತ್ತದೆ. ಆದರೆ ಉತ್ತರದ್ದೇ ಆದ ಷಿಂಗ್‌ಯಿಯಲ್ಲಿ ನೆಗೆತ ಕಡಿಮೆ, ನೇರ ಮುಷ್ಟಿಯೇ ಪ್ರಧಾನ. ಇನ್ನೊಂದು ವಿಂಗಡಣೆ ಒಳಬಲದ್ದು, ಹೊರಬಲದ್ದು. 1669ರಲ್ಲಿ ವಿದ್ವಾಂಸ ಹುವಾಂಗ್ ಜೊಂಗ್‌ಶಿ ಒಬ್ಬ ಮಲ್ಲನ ಸಮಾಧಿ ಲೇಖನದಲ್ಲಿ ಶಾವೊಲಿನ್ ವಿದ್ಯೆಯನ್ನು ಹೊರಬಲದ್ದೆಂದು ಕರೆದು, ವುಡಾಂಗ್ ಪರ್ವತದ ತಪಸ್ವಿಯ ಹೆಸರಿಗೆ ಒಳಬಲದ ವಿದ್ಯೆಯನ್ನು ಕಟ್ಟಿದ. ತಾಯಿಚಿ ಒಳಬಲದ್ದು, ಶಾವೊಲಿನ್ ಹೊರಬಲದ್ದು ಎಂಬ ಇಂದಿನ ಮಾತು ಅಲ್ಲಿಂದ ಬೆಳೆದದ್ದು. ದಕ್ಷಿಣ ಭಾರತದ ಬೋಧಿಧರ್ಮ ಶಾವೊಲಿನ್ ಭಿಕ್ಷುಗಳಿಗೆ ಈ ವಿದ್ಯೆ ಕಲಿಸಿದನೆಂಬ, ನಮ್ಮವರಿಗೆ ಬಹು ಪ್ರಿಯವಾದ ಕಥೆಯ ಬೇರು ಇರುವುದೂ 17ನೇ ಶತಮಾನದ ವ್ಯಾಯಾಮ ಗ್ರಂಥವೊಂದರಲ್ಲಿ. ಬೋಧಿಧರ್ಮನ ಕಾಲದಿಂದ ಅದು ಸಾವಿರ ವರ್ಷ ಈಚಿನದು.

ಈ ವಿಂಗಡಣೆಗಳನ್ನು ಕಣದಲ್ಲಿ ಒರೆಗೆ ಹಚ್ಚಿದಾಗ ಏನಾಯಿತೆಂಬುದು ಹೆಚ್ಚು ಮುಖ್ಯ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸ್ಥಾಪನೆಯಾದ ಕೇಂದ್ರೀಯ ಗುವೊಶು ಸಂಸ್ಥೆ ಮೊದಲು ಶಾವೊಲಿನ್, ವುಡಾಂಗ್ ಎಂಬ ಎರಡು ವಿಭಾಗಗಳನ್ನು ಮಾಡಿಕೊಂಡು, ಅವೆರಡರ ನಡುವೆ ಜಗಳ ಹುಟ್ಟಿದ್ದರಿಂದ ಬೇಗನೆ ಕೈಬಿಟ್ಟಿತು. ಅದೇ ವರ್ಷದ ರಾಷ್ಟ್ರೀಯ ಪರೀಕ್ಷೆಯಲ್ಲಿ ಜಗಲಿ ಕಟ್ಟಿ ಎಲ್ಲ ಪದ್ಧತಿಗಳವರನ್ನೂ ಸೆಣಸಲು ಬಿಟ್ಟರು. ಗಾಯಗಳು ಮಿತಿಮೀರಿ, ಕೊನೆಯ ಸುತ್ತನ್ನೇ ನಿಲ್ಲಿಸಬೇಕಾಯಿತು. 1954ರ ಜನವರಿಯಲ್ಲಿ ಮಕಾವುನಲ್ಲಿ ತಾಯಿಚಿಯ ವು ಗೊಂಗ್‌ಯಿಗೂ ಬಿಳಿ ಕೊಕ್ಕರೆ ಪದ್ಧತಿಯ ಚೆನ್ ಕೆಫುಗೂ ನಡೆದ ಪ್ರಸಿದ್ಧ ಸೆಣಸಾಟ ಸೋಲು ಗೆಲುವಿನ ತೀರ್ಪಿಲ್ಲದೆ ಮುಗಿಯಿತು. 2017ರಲ್ಲಿ ಚೆಂಗ್ಡುವಿನಲ್ಲಿ ಮಿಶ್ರ ಸಮರಕಲೆಯ ಶು ಶಿಯಾವೊಡಾಂಗ್ ತಾಯಿಚಿ ಗುರು ವೇ ಲೇಯನ್ನು ಕೆಲವೇ ಸೆಕೆಂಡುಗಳಲ್ಲಿ ಕೆಡವಿದ. ಇದರಿಂದ ತಾಯಿಚಿ ಸುಳ್ಳೆಂದು ಸಾಧಿಸಿದಂತಾಗದು. ಗುದ್ದು ತಿಂದು ಅಭ್ಯಾಸವಿರುವವನು, ಅದಿಲ್ಲದವನನ್ನು ತನ್ನ ಕಣದಲ್ಲಿ, ತನ್ನ ಕಟ್ಟಳೆಯಲ್ಲಿ ಎದುರಿಸಿದ ಎಂಬಷ್ಟೇ ಅದರ ಅರ್ಥ.

ಭಾರತದ ಕುಸ್ತಿಗೂ ಇಂಥದ್ದೇ ಒಂದು ಪ್ರಸಂಗವಿದೆ. 1910ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನನ ಎದುರು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊ ಎರಡು ಗಂಟೆಗೂ ಹೆಚ್ಚು ಹೊತ್ತು ಮ್ಯಾಟ್‌ಗೆ ಅಂಟಿಕೊಂಡು ಮಲಗಿ ಕುಸ್ತಿಯನ್ನು ಸಮ ಮಾಡಿಕೊಂಡ. ಮರುವಾರದ ಸೆಣಸಾಟಕ್ಕೆ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲದ ಮಣ್ಣಿನಲ್ಲಿ ಅದೇ ಜೋಡಿ ಮತ್ತೆ ಸೇರಿದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದ. ಹದಿನೆಂಟು ವರ್ಷಗಳಲ್ಲಿ ಇಬ್ಬರ ವಯಸ್ಸೂ ಬದಲಾಗಿತ್ತು, ನಿಜ, ನೆಲವೂ ಬದಲಾಗಿತ್ತು.

ಚೀನಾದಂತೆ ಕೇರಳದ ಕಳರಿಯಲ್ಲೂ ಉತ್ತರ, ದಕ್ಷಿಣ ಎಂಬ ಭೇದವಿದೆ. ಕಾಸರಗೋಡು, ಕಣ್ಣೂರು ಕಡೆಯ ವಡಕ್ಕನ್ ಪದ್ಧತಿಯಲ್ಲಿ ಎಣ್ಣೆ ಉಜ್ಜಿದ ಮೈಯ ಬಾಗುವಿಕೆ, ನೆಗೆತ, ಆಯುಧಾಭ್ಯಾಸ ಹೆಚ್ಚು; ತೆಕ್ಕನ್ ಪದ್ಧತಿಯಲ್ಲಿ ಬರಿಗೈ ಹೊಡೆತ ಮತ್ತು ಮರ್ಮಜ್ಞಾನಕ್ಕೆ ಒತ್ತು. ತುಳುನಾಡಿನಲ್ಲಿ ಅವಳಿ ವೀರರಾದ ಕೋಟಿ ಚೆನ್ನಯರ ಗರಡಿಗಳು ಈಗ ಮುಖ್ಯವಾಗಿ ಆರಾಧನೆಯ ತಾಣಗಳು.  ಆದರೆ ಹಳೆಯ ಮೈಸೂರಿನ ಗರಡಿಯಲ್ಲಿ ಪೂಜೆಗೊಳ್ಳುವವನು ಆಂಜನೇಯ, ಕಲಿಸುವುದು ಕುಸ್ತಿ.

ಇಂದು ನಾಡಕುಸ್ತಿಯ ಕಟ್ಟಳೆಯೇ ಬದಲಾಗುತ್ತಿದೆ. ಸಾತಾರಾ ಕಡೆಯ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ, ಮಣ್ಣಿನಲ್ಲಿ ಬೆಳೆದ ಪೈಲ್ವಾನ ಮ್ಯಾಟ್‌ನ ಮೇಲೂ ಗೆಲ್ಲಬಲ್ಲನೆಂದು ತೋರಿಸಿದ. ಫ್ರೀಸ್ಟೈಲ್‌ನಲ್ಲಿ ಮೂರು ಮೂರು ನಿಮಿಷಗಳ ಎರಡು ಅವಧಿ, ದೇಹತೂಕದ ವರ್ಗ, ಪಾಯಿಂಟ್‌ಗಳ ಲೆಕ್ಕ. ಹತ್ತು ಪಾಯಿಂಟ್ ಮುಂದಿದ್ದರೆ ಚಿತ್ ಮಾಡದೆಯೂ ಗೆಲುವು. ಅಲ್ಲಿ ಕಾಲಿಗೆ ನುಗ್ಗುವ ವೇಗಕ್ಕೆ ಬೆಲೆ, ಗಂಟೆಗಟ್ಟಲೆ ಎದುರಾಳಿಯನ್ನು ದಣಿಸುವ ತಾಳ್ಮೆಗೆ ಇಲ್ಲ. ಮೈಸೂರಿನ ದಸರಾ ಕುಸ್ತಿಯಲ್ಲಿ ಮಟ್ಟಿಯೂ ಮ್ಯಾಟ್‌ ಕೂಡ ಇವೆ. ಎರಡಕ್ಕೂ ಒಂದೇ ಮೈಯನ್ನು ಹದಗೊಳಿಸುವುದು ಉಸ್ತಾದರಿಗೆ ಈಗಿನ ದೊಡ್ಡ ಸವಾಲು. ಮ್ಯಾಟ್‌ಗಾಗಿ ಮಟ್ಟಿಯನ್ನು ಬಿಟ್ಟುಕೊಟ್ಟರೆ ತಲೆಮಾರುಗಳು ಕಾಪಾಡಿದ ಎಷ್ಟೋ ಪಟ್ಟುಗಳು ಅಳಿದುಹೋಗುತ್ತವೆ. ಆ ನಷ್ಟವನ್ನು ಯಾವ ಪದಕವೂ ತುಂಬಿಕೊಡಲಾರದು.

ಜೆಟ್ಟಿಗಳ ಕಣಕ್ಕೆ ಮ್ಯಾಟ್ ಬಂದಿಲ್ಲ, ಬರುವಂತೆಯೂ ಇಲ್ಲ. ವರ್ಷಕ್ಕೊಮ್ಮೆ ಕೆಲವೇ ಕ್ಷಣ ನಡೆಯುವ ಕಾಳಗಕ್ಕೆ ಲೀಗ್, ಪದಕ, ನೌಕರಿ ಮೀಸಲಾತಿಗಳ ಆಸರೆಯಿಲ್ಲ. ಮನೆತನದ ಹೆಮ್ಮೆಯೂ ಅರಮನೆಯ ವಿಧಿಯೂ ಅದನ್ನು ಹಿಡಿದಿಟ್ಟಿವೆ. ಅದರ ಜೊತೆಗೆ ಬೆಳೆದ ಇನ್ನೊಂದು ವಿದ್ಯೆ, ಮುರಿದ ಮೂಳೆ ಕೂಡಿಸುವುದು ಮತ್ತು ಉಳುಕು ತೆಗೆಯುವುದು, ಜೆಟ್ಟಿಗಳಿಗೆ ಕಣದ ಹೊರಗೂ ಹೆಸರು ತಂದುಕೊಟ್ಟಿದೆ.