ಊಹೆಗಳ ಸಂತೆಯಲ್ಲಿ ಸ್ವರದ ಒಡೆತನ

ಹಿರಿಯ ಸಂಗೀತಗಾರರೊಬ್ಬರು ತಮ್ಮ ಸಂಸ್ಥೆಯನ್ನು ತೊರೆದರೆಂಬ ಸುದ್ದಿ ಬಂದೊಡನೆ ನಮ್ಮ ಸೆಂಬವಾಂಗಿನ ಕನ್ನಡ ಮನೆಗಳಲ್ಲಿಯೂ ಊಹೆಗಳ ಸಂತೆ ನೆರೆಯುತ್ತದೆ. ಹಣದ ಜಗಳವೆಂದು ಒಬ್ಬರು, ಅಹಂಕಾರವೆಂದು ಮತ್ತೊಬ್ಬರು, ವಯಸ್ಸಾಯಿತೆಂದು ಮಗದೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ. ಮಕ್ಕಳಿಗೆ ವಿಡಿಯೋ ಆಟದ ಸಂಗೀತಗಾರರು, ಹಿರಿಯರಿಗೆ ಚಿತ್ರಸಂಗೀತದವರು, ಚಾಳಿ ಒಂದೇ. ಅಭಿಮಾನದಿಂದ ಆಡುವ ಮಾತೆಂಬ ಸಮಜಾಯಿಷಿಯನ್ನು ನಾವು ಒಪ್ಪುವುದಿಲ್ಲ.

1987ರ ‘ಪ್ರೇಮಲೋಕ’ದಿಂದ ಮನೆಮಾತಾದ ಹಂಸಲೇಖ–ರವಿಚಂದ್ರನ್ ಜೋಡಿ ಮುಂದೆ ಬೇರೆಯಾಯಿತು. 2002ರ ‘ಏಕಾಂಗಿ’ಗೆ ರವಿಚಂದ್ರನ್ ತಾವೇ ಸಂಗೀತ ನೀಡಿದರು. ಏಕೆ ಬೇರೆಯಾದರೆಂಬ ಪಿಸುಮಾತು ಇಂದಿಗೂ ನಿಂತಿಲ್ಲ. ಆ ಹಾಡುಗಳ ಹಕ್ಕು ಯಾರಲ್ಲಿದೆ, ಅವುಗಳ ಗಳಿಕೆ ಯಾರಿಗೆ ಸೇರುತ್ತದೆ ಎಂದು ಕೇಳಿದವರನ್ನು ಮಾತ್ರ ನಾವು ಕಂಡಿಲ್ಲ.

ನಮ್ಮ ಮಕ್ಕಳು ಬಲ್ಲ ‘ಹೇಲೋ’ ಆಟದ ಸಂಗೀತವನ್ನು ಮೈಕೆಲ್ ಸಾಲ್ವಟೋರಿ ಅವರೊಡನೆ ರಚಿಸಿದವರು ಮಾರ್ಟಿ ಓಡಾನೆಲ್. ಬಂಜೀ ಎಂಬ ಅಮೆರಿಕದ ಸ್ಟುಡಿಯೋ 2014ರ ಏಪ್ರಿಲ್ 11ರಂದು ಅವರನ್ನು ಕೆಲಸದಿಂದ ತೆಗೆಯಿತು. ಸಕಾರಣವಿಲ್ಲದೆ ತೆಗೆದರೆಂದು ಅವರು ಸಾರಿದರು; ಸಂಸ್ಥೆಯ ಪ್ರಕಟಣೆಯಲ್ಲಿದ್ದದ್ದು ಸ್ನೇಹದ ಬೀಳ್ಕೊಡುಗೆಯ ಧಾಟಿ. ನಡುವಿನ ಖಾಲಿ ಜಾಗವನ್ನು ಅಭಿಮಾನಿಗಳು ಕಲ್ಪನೆಯಿಂದ ತುಂಬಿದರು. ‘ಡೆಸ್ಟಿನಿ’ ಆಟದ 2013ರ ಪ್ರಚಾರ ಚಿತ್ರಕ್ಕೆ ಪ್ರಕಾಶಕ ಸಂಸ್ಥೆ ಬೇರೆ ಸಂಗೀತ ಅಳವಡಿಸಿದ್ದು ವಿವಾದದ ಒಂದು ಮೂಲವೆಂಬುದು ಕಾನೂನಿನ ಕಾಗದಗಳಿಂದ ಹೊರಬಂತು. 2015ರಲ್ಲಿ ಪಂಚಾಯ್ತಿದಾರರು ಅವರ ಪರವಾಗಿ ತೀರ್ಮಾನಿಸಿದರು. ಅವರು ಕಳಂಕರಹಿತರೆಂದು ನಾವು ಸಾಧಿಸಹೊರಟಿಲ್ಲ. ಅದೇ ಆಟದ ಸಂಗೀತ ಸಾಮಗ್ರಿ ಪ್ರಕಟಿಸಿದ್ದಕ್ಕೆ 2021ರಲ್ಲಿ ನ್ಯಾಯಾಲಯ ಅವರನ್ನು ನಿಂದನೆಯ ದೋಷಿಯೆಂದೂ ಹೇಳಿತು.

ಊಹೆಗಾರರು ಕಾಣದೆ ಹೋದ ಸಂಗತಿ ಇದೇ. ಆ ಆಟಕ್ಕಾಗಿ ಅವರು ಪಾಲ್ ಮೆಕಾರ್ಟ್ನಿ ಮೊದಲಾದವರೊಡನೆ ರಚಿಸಿದ ‘ಮ್ಯೂಸಿಕ್ ಆಫ್ ದಿ ಸ್ಫಿಯರ್ಸ್’ ಎಂಬ ಎಂಟು ಭಾಗಗಳ ಕೃತಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಉಳಿಯಿತು. 2017ರ ಕೊನೆಯಲ್ಲಿ ಸೋರಿಕೆಯಾಗಿ, ಮರುವರ್ಷ ಅಧಿಕೃತವಾಗಿ ಹೊರಬಂತು. ಅದನ್ನು ಕೇಳಿಸುವ ಅಧಿಕಾರ ರಚಿಸಿದವನದಾಗಿರದೆ ಸಂಸ್ಥೆಯದಾಗಿತ್ತು.

ದೂರದ ದೇಶದ ಕಥೆಯೆಂದು ತಳ್ಳಿಹಾಕುವಂತಿಲ್ಲ. ನೌಕರಿಯ ಭಾಗವಾಗಿ ರಚಿಸಿದ ಕೃತಿ, ಬೇರೆ ಒಪ್ಪಂದವಿಲ್ಲದಿದ್ದರೆ, ಸಿಂಗಪುರದಲ್ಲಿಯೂ ಮಾಲೀಕನದೇ. ಭಾರತದಲ್ಲಿ 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗಳ ರಾಯಲ್ಟಿಯಲ್ಲಿ ಸಂಗೀತಗಾರನ ಪಾಲನ್ನು ನಿರ್ಮಾಪಕ ಬರೆಸಿಕೊಳ್ಳುವಂತಿಲ್ಲ. ಅಷ್ಟು ರಕ್ಷಣೆಗೇ ಎಷ್ಟು ದಶಕ ಬೇಕಾಯಿತು!

ನಮ್ಮಲ್ಲಿ ಹಲವು ಮನೆಗಳ ಮಕ್ಕಳು ಧ್ವನಿ, ಚಿತ್ರ, ಆಟಗಳ ವಿನ್ಯಾಸ ಕಲಿಯುತ್ತಿದ್ದಾರೆ. ಅವರು ಸಹಿ ಹಾಕುವ ಮೊದಲ ಒಪ್ಪಂದದ ಹಕ್ಕುಸ್ವಾಮ್ಯದ ಕಲಮನ್ನು ತಂದೆತಾಯಿಗಳು ಜೊತೆಗೆ ಕುಳಿತು ಓದಲಿ. ಇನ್ನೊಂದು ಮಾತು. 2021ರ ನವೆಂಬರ್‌ನಿಂದ ಇಲ್ಲಿ ಜಾರಿಯಲ್ಲಿರುವ ಹಕ್ಕುಸ್ವಾಮ್ಯ ಕಾಯಿದೆ, ಕೃತಿಯನ್ನು ಬಹಿರಂಗವಾಗಿ ಬಳಸುವಾಗ ಕರ್ತೃವಿನ ಹೆಸರು ಹೇಳಬೇಕೆಂಬ ಹಕ್ಕನ್ನು ಮಾನ್ಯಮಾಡಿದೆ. ನಮ್ಮ ರಾಜ್ಯೋತ್ಸವಗಳಲ್ಲೋ ಹಾಡಿದ ಮಗುವಿನ ಹೆಸರು, ಪ್ರಾಯೋಜಕರ ಹೆಸರು ಮೊಳಗುತ್ತವೆ. ಸಾಹಿತ್ಯ ಬರೆದವರ, ರಾಗ ಹಾಕಿದವರ ಹೆಸರು ಕೇಳಿಬರುವುದು ಅಪರೂಪ. ಬರುವ ನವೆಂಬರ್‌ನ ನಿರೂಪಣೆಯ ಹಾಳೆಯಲ್ಲಿ ಪ್ರತಿ ಹಾಡಿನ ಮುಂದೆ ಆ ಎರಡು ಹೆಸರುಗಳಿಗೆ ಜಾಗ ಬಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ನಾವು ಒತ್ತಾಯಿಸುತ್ತೇವೆ.