ಅಂಬಾರಿ ಸಿಗುತ್ತೆ, ತಾತ ಸಿಗಲ್ಲ

ಮೈಸೂರು ದಸರಾದ ಹಳೇ ವಿಡಿಯೊ ಅಂತ ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಅಂಬಾರಿ ಸಿಗುತ್ತೆ, ಆನೆ ಸಿಗುತ್ತೆ, ಅರಮನೆ ದೀಪ ಸಿಗುತ್ತೆ. ನಾನು ಹುಡುಕುತ್ತಿರುವ ಮನುಷ್ಯ ಮಾತ್ರ ಸಿಗಲ್ಲ.

ಆ ಮನುಷ್ಯ ನನ್ನ ತಾತ, ಅಮ್ಮನ ಅಪ್ಪ. ಮೊಳಕಾಲ್ಮುರು ಕಡೆಯ ಹಟ್ಟಿಯಲ್ಲಿ ಉರುಮೆ ಬಾರಿಸುತ್ತಿದ್ದ. ಒಂದು ಕಡೆ ಬಡಿದು, ಇನ್ನೊಂದು ಕಡೆ ಕಡ್ಡಿಯಿಂದ ಉಜ್ಜಿ, ಹೊಟ್ಟೆಯೊಳಗಿಂದ ಬಂದಂಥ ದನಿ ಹೊರಡಿಸುವ ವಾದ್ಯ ಅದು. ದ್ರೋಣ ಅಂಬಾರಿ ಹೊರುತ್ತಿದ್ದ ಕಾಲದ ಒಂದು ವಿಜಯದಶಮಿಗೆ ತಾತನ ಮೇಳ ಜಂಬೂ ಸವಾರಿಯಲ್ಲಿ ನಡೆಯಿತು. ಟಿವಿಯಲ್ಲಿ ನೇರಪ್ರಸಾರ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಸೋದರಮಾವ, ಸಾಹುಕಾರರ ಮನೆಯ ವಿಸಿಆರ್‌ನಲ್ಲಿ ಅದನ್ನು ರೆಕಾರ್ಡ್ ಮಾಡಿಸಿದ್ದ. ತಾತ ಕಂಡದ್ದು ಐದಾರು ಸೆಕೆಂಡು. ಹಟ್ಟಿಯವರು ಅದನ್ನೇ ಹಿಂದಕ್ಕೆ ಓಡಿಸಿ ಓಡಿಸಿ ನೋಡಿದ್ದರಂತೆ.

ಆಮೇಲೆ ನಾನು ಹುಟ್ಟಿದೆ. ನಾಮಕರಣಕ್ಕೆ ಬಂದ ವಿಡಿಯೊದವನು ಕ್ಯಾಸೆಟ್ ಕೇಳಿದ. ಮಾವ ಮನೆಯಲ್ಲಿದ್ದದ್ದನ್ನೇ ಕೊಟ್ಟ. ತಾತನ ಮೇಲೆ ನಾನು ರೆಕಾರ್ಡ್ ಆದೆ. ಮೊನ್ನೆ ಕೇಳಿದರೆ, “ಅದಕ್ಕೇನಲೇ, ದಸರಾ ವರ್ಷಾ ವರ್ಷಾ ಬರ್ತೈತಲ್ಲ ಅಂದ್ಕೊಂಡೆ” ಅಂದ.

ನನ್ನ ಜಗಳ ಮಾವನ ಜೊತೆ ಅಲ್ಲ, ಈ ಮಾತಿನ ಜೊತೆ. ಯಾಕಂದ್ರೆ ದೊಡ್ಡ ದೊಡ್ಡವರೂ ಮಾಡಿದ್ದು ಇದನ್ನೇ. ಟೇಪ್ ದುಬಾರಿಯಾಗಿದ್ದ ಕಾಲದಲ್ಲಿ ಅಳಿಸಿ ಮತ್ತೆ ಬಳಸುವುದು ಎಷ್ಟೋ ದೇಶಗಳ ಟಿವಿ ಕೇಂದ್ರಗಳ ರೂಢಿ. ಚಂದ್ರನ ಮೇಲೆ ಮನುಷ್ಯ ನಡೆದ ಮೂಲ ಟೇಪುಗಳೇ ಬಹುಶಃ ಹಾಗೆ ಅಳಿಸಿಹೋದವು ಅಂತ ನಾಸಾ 2009ರಲ್ಲಿ ಒಪ್ಪಿಕೊಂಡಿತು. ಚಂದ್ರನ ಗತಿಯೇ ಹೀಗಾದರೆ ಉರುಮೆಯವನದ್ದೇನು?

ಆದರೆ ದಸರಾ ವರ್ಷಾ ವರ್ಷಾ ಬರುತ್ತಾ? ಬರೋದು ಅಂಬಾರಿ. ಆ 750 ಕಿಲೋ ಎಲ್ಲೂ ಹೋಗಲ್ಲ. ಅದರ ಮುಂದೆ ನಡೆದವರು ಬರಲ್ಲ. ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು: ಅಂಬಾರಿ ಹೊತ್ತ ಆನೆಗಳ ಹೆಸರು ನಮಗೆ ಬಾಯಿಪಾಠ. ದ್ರೋಣ 1998ರಲ್ಲಿ ಕರೆಂಟು ತಗುಲಿ ಸತ್ತದ್ದೂ ನೆನಪಿದೆ. ಒಳ್ಳೇದೇ. ಬನ್ನಿಮಂಟಪದ ತನಕ ಐದು ಕಿಲೋಮೀಟರ್ ಬಿಸಿಲಲ್ಲಿ ಕುಣಿದುಕೊಂಡು ಹೋದ ಒಬ್ಬ ಕಲಾವಿದನ ಹೆಸರು ಹೇಳಿ ನೋಡೋಣ?

“ಎಲ್ಲಾನೂ ಇಟ್ಕೊಳ್ಳೋಕಾಗುತ್ತಾ ಗುರೂ?” ಅಂತ ಆಫೀಸಿನ ಗೆಳೆಯ ಕೇಳಿದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಹೆಂಗಸು ಮೂವತ್ತಕ್ಕೂ ಹೆಚ್ಚು ವರ್ಷ ಮನೆಯಲ್ಲೇ ಕೂತು ಟಿವಿ ರೆಕಾರ್ಡ್ ಮಾಡಿದಳು. ಸುಮಾರು 70,000 ಕ್ಯಾಸೆಟ್! ಅಷ್ಟು ದೂರ ಯಾಕೆ, ನಮ್ಮ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನೇ ತಗೊಳ್ಳಿ. ಓದು ಬರಹ ಬಾರದ ಆಕೆಗೆ ಸಾವಿರಾರು ಹಾಡು ಬರುತ್ತಿದ್ದವು. ಇವತ್ತು ಅವು ನಮಗೆ ಸಿಗೋದು ಯಾಕೆ? ಕೃಷ್ಣಮೂರ್ತಿ ಹನೂರರಂಥವರು ಹಟ್ಟಿಗೆ ಹೋಗಿ, ಕೂತು, ಕೇಳಿ, ಬರೆದುಕೊಂಡು, ಮೇಲೆ ಆಕೆಯ ಹೆಸರು ಹಾಕಿದ್ದರಿಂದ. ಹೆಸರು ಹಾಕುವುದು ಮುಖ್ಯ. ಹೆಸರಿಲ್ಲದ ಟೇಪ್ ಇದ್ದೂ ಕಳೆದುಹೋದಂತೆಯೇ.

ಹಾಗಾಗಿ ಕೇಳುತ್ತೇನೆ. ಜನರ ದುಡ್ಡಿನಲ್ಲಿ ಚಿತ್ರಿಸಿದ ಮೆರವಣಿಗೆ ಜನರದ್ದು. ಯಾವ ವರ್ಷದ್ದು ಇದೆ, ಯಾವುದು ಇಲ್ಲ ಅನ್ನುವ ಪಟ್ಟಿ ಮೊದಲು ಹೊರಗೆ ಬರಲಿ. ಇದ್ದದ್ದನ್ನು ಹಾಕುವಾಗ ಕೆಳಗೆ ಬರೀ ‘ಜಾನಪದ ತಂಡಗಳು’ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ತಂಡ ಯಾವುದು, ಊರು ಯಾವುದು, ಹೆಸರೇನು, ಬರೆಯಿರಿ.

ಇನ್ನು ನಾವು. ತಿಂಗಳಿಗೊಮ್ಮೆ ಕ್ಲೌಡಿಗೆ ದುಡ್ಡು ಕಟ್ಟಿ ಊಟದ ತಟ್ಟೆಯ ಫೋಟೊ ಕಾಪಾಡುವ ನಮ್ಮ ಅಟ್ಟದಲ್ಲಿ ಅಪ್ಪಂದಿರ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುತ್ತಿವೆ. ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ಅದನ್ನು ನಿಲ್ಲಿಸಿತು. ಟೈಮ್ ಕಮ್ಮಿ ಇದೆ. ಆಯುಧಪೂಜೆಗೆ ಊರಿಗೆ ಹೋದಾಗ ಕಾರು ತೊಳೆದ ಮೇಲೆ ಒಂದು ಗಂಟೆ ಅಟ್ಟ ಹತ್ತಿ. ಕ್ಯಾಸೆಟ್ಟಿನ ಅಂಚಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಣುಕು ಇರುತ್ತೆ. ಮುರಿದುಬಿಟ್ಟರೆ ಅದರ ಮೇಲೆ ಇನ್ನೊಂದು ರೆಕಾರ್ಡ್ ಆಗಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುರಿದಿರಲಿಲ್ಲ.

ತಾತನ ಆ ಕ್ಯಾಸೆಟ್ ಹೋಯಿತು. ಆದರೆ ಅದೇ ಮಧ್ಯಾಹ್ನ, ಇನ್ಯಾವುದೋ ಊರಲ್ಲಿ, ಇನ್ಯಾರೋ ರೆಕಾರ್ಡ್ ಬಟನ್ ಒತ್ತಿರಬಹುದು. ಅದು ನಿಮ್ಮ ಮನೆಯ ಅಟ್ಟದಲ್ಲೇ ಇರಬಹುದು. ಆನೆ ಬರುವ ಮುಂಚೆ ಉರುಮೆ ಸದ್ದು ಕೇಳಿಸಿದರೆ ದಯವಿಟ್ಟು ಮುಂದಕ್ಕೆ ಓಡಿಸಬೇಡಿ.